“ಅಲ್ಲಾಹನು ಇಚ್ಛಿಸಿದ್ದರೆ ನಿಮ್ಮನ್ನು ಒಂದೇ ಸಮುದಾಯವಾಗಿ ಮಾಡುತ್ತಿದ್ದನು”: ಹಾಗಾದರೆ ನಮ್ಮ ದೊಡ್ಡವ್ವನಿಗಾಗಿ ನಾನು ಏನು ಬೇಡಲಿ?

ವರದಾ ತೀರದ ಮೇಷ್ಟ್ರು

ಎಲ್ಲರಿಗೂ ಸಲಾಂ, ನಮಸ್ಕಾರ. ಒಂದು ತಿಂಗಳಿನಿಂದ ಎದೆಯಲ್ಲಿ ಕುಳಿತಿರುವ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತಿದ್ದೇನೆ. ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾಗಿದ್ದೇನೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಮನೆಯ ಹಿರಿಯ ಜೀವವನ್ನು ನಾವೆಲ್ಲ ದೊಡ್ಡವ್ವ ಎಂದೇ ಕರೆಯುತ್ತಿದ್ದೆವು. ಲಿಂಗಾಯತರು. ನಮ್ಮ ಓಣಿಗೆ ನಳದ ನೀರು ಬರುವುದು ನಸುಕಿನ ನಾಲ್ಕೂವರೆಗೆ. ರಂಜಾನ್ ತಿಂಗಳು ಬಂತೆಂದರೆ ದೊಡ್ಡವ್ವ ನೀರಿಗಿಂತ ಮೊದಲೇ ಎದ್ದು, ಸೌಟಿನ ಹಿಡಿಯಿಂದ ಗೋಡೆಯನ್ನು ಮೂರು ಸಲ ಕುಟ್ಟುತ್ತಿದ್ದಳು. ಸಹರಿಗೆ, ಅಂದರೆ ಉಪವಾಸಕ್ಕೆ ಮುಂಚಿನ ನಸುಕಿನ ಊಟಕ್ಕೆ, ಎದ್ದೆವೆಂದು ಈ ಕಡೆಯಿಂದ ನಾವು ಒಂದು ಸಲ ಕುಟ್ಟುವವರೆಗೂ ಬಿಡುತ್ತಿರಲಿಲ್ಲ. ಮನೆಗೆ ಮೂರು ಮೊಬೈಲ್ ಬಂದ ಮೇಲೂ ನಿಲ್ಲಿಸಲಿಲ್ಲ. ಅವರ ಕಡೆಯ ಗೋಡೆಯಲ್ಲಿ ಆ ಜಾಗದ ಸುಣ್ಣ ಉದುರಿ, ರೂಪಾಯಿ ಅಗಲದ ಗುಳಿಯೊಂದು ಬಿದ್ದಿದೆ.

ಕಳೆದ ತಿಂಗಳು ದೊಡ್ಡವ್ವ ತೀರಿಕೊಂಡಳು. ಕ್ರಿಯಾ ಸಮಾಧಿ ಮಾಡಿದರು. ಕುಳ್ಳಿರಿಸಿದ ದೇಹದ ಸುತ್ತ ವಿಭೂತಿ, ಬಿಲ್ವಪತ್ರೆ. ಸರದಿ ಬಂದಾಗ ನಾನೂ ಮಣ್ಣು ಹಾಕಿದೆ. ನಮ್ಮಲ್ಲಿ ಮೂರು ಹಿಡಿ ಹಾಕುವ ರೂಢಿಯಲ್ಲವೇ, ಕೈ ತಾನಾಗಿ ಮೂರು ಸಲ ಹಾಕಿತು. ಆಮೇಲೆ ಎರಡೂ ಕೈಗಳು ದುಆಗೆ (ಪ್ರಾರ್ಥನೆಗೆ) ಏರಿದವು, ಅರ್ಧಕ್ಕೇ ನಿಂತವು. ಪಕ್ಕದಲ್ಲಿದ್ದ ನಮ್ಮ ಜಮಾತಿನ ಹುಡುಗನೊಬ್ಬ ಮೆಲ್ಲಗೆ, “ಚಾಚಾ, ಇವರಿಗೆ ಮಗ್‌ಫಿರತ್ ಕೇಳುವಂತಿಲ್ಲ” ಎಂದ. ಎಂದರೆ ದೇವರಲ್ಲಿ ಪಾಪಕ್ಷಮೆ ಬೇಡುವಂತಿಲ್ಲ ಎಂದು. ಅವನನ್ನು ಕಟುಕನೆಂದು ತಿಳಿಯಬೇಡಿ. ಅವನೂ ಆ ಮನೆಯ ರೊಟ್ಟಿ ಉಂಡು ಬೆಳೆದವನೇ. ಹೇಳುವಾಗ ಅವನ ಗಂಟಲು ಕಟ್ಟಿತ್ತು.

ಅಂದಿನಿಂದ ಕುರ್‌ಆನಿನ ಸೂರಾ (ಅಧ್ಯಾಯ) ಅಲ್ ಮಾಇದದ 48ನೆಯ ಆಯತನ್ನು (ವಚನವನ್ನು) ಮತ್ತೆ ಮತ್ತೆ ಓದುತ್ತಿದ್ದೇನೆ. ನನಗೆ ತಿಳಿದ ಕನ್ನಡದಲ್ಲಿ ಅದು ಹೀಗಿದೆ: “ನಿಮ್ಮಲ್ಲಿ ಪ್ರತಿಯೊಬ್ಬರಿಗೂ ನಾವು ಒಂದು ಶಾಸನವನ್ನೂ ಒಂದು ದಾರಿಯನ್ನೂ ಗೊತ್ತುಮಾಡಿದ್ದೇವೆ. ಅಲ್ಲಾಹನು ಇಚ್ಛಿಸಿದ್ದರೆ ನಿಮ್ಮನ್ನು ಒಂದೇ ಸಮುದಾಯವಾಗಿ ಮಾಡುತ್ತಿದ್ದನು. ಆದರೆ ನಿಮಗೆ ಕೊಟ್ಟಿರುವುದರಲ್ಲಿ ನಿಮ್ಮನ್ನು ಪರೀಕ್ಷಿಸಲೆಂದು ಹೀಗೆ ಮಾಡಿದನು. ಆದ್ದರಿಂದ ಒಳಿತುಗಳಲ್ಲಿ ಪೈಪೋಟಿಯಿಂದ ಮುನ್ನುಗ್ಗಿರಿ. ನೀವೆಲ್ಲರೂ ಮರಳಬೇಕಾದದ್ದು ಅಲ್ಲಾಹನೆಡೆಗೇ. ನೀವು ಭಿನ್ನರಾಗಿದ್ದ ವಿಷಯಗಳನ್ನು ಆಗ ಅವನು ನಿಮಗೆ ತಿಳಿಸುವನು.”

ಈ ಭಿನ್ನತೆಯೇ ಅವನ ಇಚ್ಛೆಯಾದರೆ, ಆ ಇಚ್ಛೆಯಂತೆಯೇ ಬೇರೆ ಮನೆಯಲ್ಲಿ ಹುಟ್ಟಿ, ಬೇರೆ ದಾರಿಯಲ್ಲಿ ಬದುಕಿ ಹೋದ ಈ ತಾಯಿಗಾಗಿ ನಾನು ಏನನ್ನೂ ಬೇಡುವಂತಿಲ್ಲವೇ? ತಿಳಿದವರು ಹೇಳಿ. ಮನಸ್ಸಿಗೆ ಹಿತವಾಗುವ ಉತ್ತರವನ್ನೇ ಕೊಡಬೇಕೆಂದಿಲ್ಲ.

ಕಡಲಂಚಿನ ದರ್ಸ್ ವಿದ್ಯಾರ್ಥಿ

ವ ಅಲೈಕುಮುಸ್ಸಲಾಂ ಸರ್. ಓದಿ ಸುಮ್ಮನಿರಲಾಗಲಿಲ್ಲ. ನಾನು ಎಂಟು ವರ್ಷ ದರ್ಸಿನಲ್ಲಿ, ಅಂದರೆ ಮಸೀದಿಯ ಧಾರ್ಮಿಕ ಪಾಠಶಾಲೆಯಲ್ಲಿ, ಕಲಿತಿದ್ದೇನೆ. ಮುಫ್ತಿಯಲ್ಲ, ಫತ್ವಾ ಕೊಡುವ ಅಧಿಕಾರ ನನಗಿಲ್ಲ. ಉಸ್ತಾದರಿಂದ ಕೇಳಿದ್ದನ್ನು, ಓದಿದ್ದನ್ನು ಹೇಳುತ್ತೇನೆ. ನೀವು ಹಿತವಾದ ಉತ್ತರವನ್ನೇ ಕೇಳಿಲ್ಲವಾದ್ದರಿಂದ ಧೈರ್ಯ ಬಂತು.

“ಇಚ್ಛಿಸಿದ್ದರೆ” ಎಂಬಲ್ಲಿ ಮೂಲದಲ್ಲಿರುವುದು ‘ಲೌ’ ಎಂಬ ಪದ. ಅದು ನಡೆಯದೆ ಹೋದ ಸಂಗತಿಯನ್ನು ಹೇಳುವ ಪದ. ‘ಮಳೆ ಬಂದಿದ್ದರೆ ಕೆರೆ ತುಂಬುತ್ತಿತ್ತು’ ಎಂದರೆ ಮಳೆಯೂ ಬರಲಿಲ್ಲ, ಕೆರೆಯೂ ತುಂಬಲಿಲ್ಲ ಎಂದರ್ಥವಲ್ಲವೇ? ಹಾಗೆಯೇ, ಎಲ್ಲರನ್ನೂ ಒಂದೇ ಸಮುದಾಯವಾಗಿಸುವುದನ್ನು ಅವನು ಇಚ್ಛಿಸಲಿಲ್ಲ. ಇದೇ ಮಾತು ಹೂದ್ ಸೂರಾದ 118ರಲ್ಲಿ, ನಹ್ಲ್ 93ರಲ್ಲಿ, ಶೂರಾ 8ರಲ್ಲಿಯೂ ಬರುತ್ತದೆ. ಯೂನುಸ್ ಸೂರಾದ 99ನೆಯ ಆಯತಂತೂ ಪ್ರವಾದಿವರ್ಯ ಮುಹಮ್ಮದರನ್ನೇ (ಸ) ಕೇಳುತ್ತದೆ: “ನಿನ್ನ ಪ್ರಭು ಇಚ್ಛಿಸಿದ್ದರೆ ಭೂಮಿಯಲ್ಲಿರುವವರೆಲ್ಲರೂ ವಿಶ್ವಾಸವಿಡುತ್ತಿದ್ದರು. ಹೀಗಿರುವಾಗ ಜನರು ವಿಶ್ವಾಸಿಗಳಾಗಲೆಂದು ನೀನು ಅವರನ್ನು ಬಲವಂತಪಡಿಸುವೆಯಾ?” ಇಷ್ಟರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಆದರೆ ಸರ್, ಇಚ್ಛಿಸುವುದು ಬೇರೆ, ಮೆಚ್ಚುವುದು ಬೇರೆ. ಮೊದಲನೆಯದು ಮಶೀಅತ್, ಎರಡನೆಯದು ರಿಝಾ. ಝುಮರ್ ಸೂರಾದ 7ನೆಯ ಆಯತು, ತನ್ನ ದಾಸರ ನಿರಾಕರಣೆಯನ್ನು ಅಲ್ಲಾಹನು ಮೆಚ್ಚುವುದಿಲ್ಲ ಎನ್ನುತ್ತದೆ. “ಅಲ್ಲಾಹನು ಇಚ್ಛಿಸಿದ್ದರೆ ನಾವು ಅವನಿಗೆ ಸಹಭಾಗಿಗಳನ್ನು ಕಲ್ಪಿಸುತ್ತಿರಲಿಲ್ಲ” ಎಂದು ಮಕ್ಕಾದ ಬಹುದೇವಾರಾಧಕರು ವಾದಿಸಿದಾಗ, ಅನ್‌ಆಮ್ ಸೂರಾದ 148ನೆಯ ಆಯತು ಆ ವಾದವನ್ನು ಊಹೆಯೆಂದು ತಳ್ಳಿಹಾಕಿತು. ಆದ್ದರಿಂದ ‘ಅವನು ಇಚ್ಛಿಸಿದ್ದರಿಂದಲೇ ಹೀಗಿದೆ, ಅದಕ್ಕೇ ಎಲ್ಲವೂ ಸರಿ’ ಎಂದು ಒಂದೇ ಜಿಗಿತಕ್ಕೆ ಹೋಗಲಾಗದು. ಧರ್ಮಪಂಡಿತ ಇಬ್ನ್ ತೈಮಿಯ್ಯಾ (1263–1328) ಇಚ್ಛೆಯನ್ನೇ ಎರಡಾಗಿ ಬಿಡಿಸಿದರು: ಜಗತ್ತು ನಡೆಯುವ ಇಚ್ಛೆ ಒಂದು, ಧರ್ಮವಾಗಿ ಆಜ್ಞಾಪಿಸಿದ ಇಚ್ಛೆ ಇನ್ನೊಂದು. ಅವರಿಗಿಂತ ಹಿಂದೆ ಝಮಖ್‌ಶರೀ (1075–1144) ಅವರಂಥ ಮುಅ್‌ತಝಿಲಾ (ಮನುಷ್ಯನ ಸ್ವತಂತ್ರ ಇಚ್ಛೆಗೆ ಒತ್ತುಕೊಟ್ಟ ಪಂಥ) ಪಂಡಿತರು, ಇಲ್ಲಿ ಇಲ್ಲವೆಂದಿರುವುದು ಬಲವಂತದ ಇಚ್ಛೆ ಮಾತ್ರ ಎಂದಿದ್ದರು. ಅಂದರೆ ಅವನು ಮನಸ್ಸು ಮಾಡಿದ್ದರೆ ಎಲ್ಲರನ್ನೂ ಕೊರಳು ಹಿಡಿದು ನಂಬಿಸಬಹುದಿತ್ತು. ಅಂಥ ನಂಬಿಕೆ ಅವನಿಗೆ ಬೇಕಿರಲಿಲ್ಲ. ಅಶ್‌ಅರಿಗಳು ಎಂಬ ಇನ್ನೊಂದು ಪಂಥದವರು ಇದನ್ನು ಒಪ್ಪುವುದಿಲ್ಲ. ಅವನ ಇಚ್ಛೆಯ ಹೊರಗೆ ಏನೂ ನಡೆಯದು ಎಂಬುದು ಅವರ ಪಟ್ಟು.

ಇನ್ನು ಆ ಹುಡುಗ ಹೇಳಿದ್ದು ತೌಬಾ ಸೂರಾದ 113ನೆಯ ಆಯತಿನ ಆಧಾರದ ಮೇಲೆ. ಬಹುದೇವಾರಾಧಕರು ಹತ್ತಿರದ ಬಂಧುಗಳೇ ಆಗಿದ್ದರೂ, “ಅವರು ನರಕದವರೆಂದು ಸ್ಪಷ್ಟವಾದ ಮೇಲೆ” ಅವರಿಗಾಗಿ ಪಾಪಕ್ಷಮೆ ಬೇಡುವುದು ಪ್ರವಾದಿಗೂ ವಿಶ್ವಾಸಿಗಳಿಗೂ ಸಲ್ಲದು ಎಂದು ಅದು ಹೇಳುತ್ತದೆ. ಪ್ರವಾದಿವರ್ಯರನ್ನು (ಸ) ಮಗನಂತೆ ಸಾಕಿದ ದೊಡ್ಡಪ್ಪ ಅಬೂ ತಾಲಿಬರ ಮರಣದ ಸಂದರ್ಭದೊಂದಿಗೆ ಈ ಆಯತನ್ನು ಹದೀಸುಗಳು (ಪ್ರವಾದಿಯವರ ನುಡಿ, ನಡೆಗಳ ವರದಿಗಳು) ಜೋಡಿಸುತ್ತವೆ. ಅಂದರೆ ನಿಮ್ಮ ನೋವು ಪ್ರವಾದಿವರ್ಯರಿಗೆ (ಸ) ಅಪರಿಚಿತವಾದದ್ದಲ್ಲ. ಹೆಚ್ಚಿನ ಉಲೇಮಾಗಳ (ಧರ್ಮಪಂಡಿತರ) ನಿಲುವು ಆ ಹುಡುಗನದೇ. ಇದನ್ನು ಮುಚ್ಚಿಟ್ಟು ಮಾತನಾಡುವುದು ನಿಮಗೆ ಅಗೌರವ ತೋರಿದಂತೆ ಎಂದು ಬರೆದೆ.

ಸರಳ ಜೀವಿ

ಇಷ್ಟೆಲ್ಲ ಏಕೆ ಸ್ವಾಮಿ? ಎಲ್ಲ ಧರ್ಮಗಳೂ ಒಂದೇ, ಎಲ್ಲ ದೇವರೂ ಒಬ್ಬನೇ. ಮನಸ್ಸು ತುಂಬಿ ಬೇಡಿಕೊಳ್ಳಿ, ಮುಗಿಯಿತು.

ವರದಾ ತೀರದ ಮೇಷ್ಟ್ರು

ನಿಮ್ಮ ಒಳ್ಳೆಯ ಮನಸ್ಸು ತಿಳಿಯುತ್ತದೆ. ಆದರೆ ಒಂದೇ ಎನ್ನಲು ನನಗೆ ಬಾಯಿ ಬರುವುದಿಲ್ಲ. ದೊಡ್ಡವ್ವ ಎಪ್ಪತ್ತು ವರ್ಷ ಇಷ್ಟಲಿಂಗ ಧರಿಸಿದ್ದವಳು. ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸದೆ ನೀರು ಮುಟ್ಟಿದವಳಲ್ಲ. ನಾನು ಲಿಂಗ ಪೂಜಿಸುವುದಿಲ್ಲ, ಅವಳು ಕಿಬ್ಲಾದ ಕಡೆ ತಿರುಗುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು. ಒಂದೇ ಎಂದುಬಿಟ್ಟರೆ ಅವಳ ಎಪ್ಪತ್ತು ವರ್ಷದ ನಿಷ್ಠೆಯನ್ನೂ ನನ್ನ ನಮಾಜನ್ನೂ ಹಗುರ ಮಾಡಿದಂತಾಗುತ್ತದೆ. ನನ್ನ ಆಯತು ಕೂಡ ‘ನೀವು ಭಿನ್ನರಾಗಿದ್ದ ವಿಷಯಗಳು’ ಎಂದೇ ಹೇಳುತ್ತದೆ. ಭೇದ ಇದೆ. ಇದ್ದೂ ಅದು ಅವನ ಇಚ್ಛೆಯೊಳಗಿದೆ ಎಂಬುದೇ ನನ್ನನ್ನು ಕಾಡುತ್ತಿರುವುದು.

ದರ್ಸ್ ವಿದ್ಯಾರ್ಥಿಗಳೇ, ನಿಮ್ಮ ನೇರ ಮಾತಿಗೆ ಋಣಿ. ಅಬೂ ತಾಲಿಬರ ಪ್ರಸ್ತಾಪ ಓದಿ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟು ಕುಳಿತೆ.

ಕಲಬುರಗಿಯ ಓದುಗ

ದರ್ಸ್ ವಿದ್ಯಾರ್ಥಿಗಳು ಕೊಟ್ಟ ಆಯತಿನಲ್ಲಿ “ಸ್ಪಷ್ಟವಾದ ಮೇಲೆ” ಎಂಬ ಮಾತಿದೆ. ನನ್ನ ಕಣ್ಣು ಅಲ್ಲೇ ನಿಂತಿತು. ಯಾರಿಗೆ ಸ್ಪಷ್ಟವಾಯಿತು? ಹೇಗೆ?

ಇಮಾಮ್ ಗಝಾಲೀ (1058–1111) ಬಗ್ದಾದಿನ ನಿಝಾಮಿಯ್ಯಾ ವಿದ್ಯಾಲಯದಲ್ಲಿ ಪಾಠ ಹೇಳಿದವರು, ಅಶ್‌ಅರಿ ಪಂಥದ ಕಂಬ. ಯಾರನ್ನು ಕಾಫಿರ್ ಎನ್ನಬಹುದು, ಯಾರನ್ನು ಎನ್ನಬಾರದು ಎಂಬುದಕ್ಕೆಂದೇ ಅವರು ‘ಫೈಸಲುತ್ತಫ್ರಿಕಾ’ ಎಂಬ ಚಿಕ್ಕ ಗ್ರಂಥ ಬರೆದರು. ಅದರಲ್ಲಿ ಇಸ್ಲಾಮಿನ ಹೊರಗಿರುವವರನ್ನು ಮೂರು ಬಗೆಯಾಗಿ ನೋಡುತ್ತಾರೆ. ಪ್ರವಾದಿವರ್ಯರ (ಸ) ಹೆಸರನ್ನೇ ಕೇಳದವರು ಮೊದಲಿನವರು. ಅವರಿಗೆ ವಿನಾಯಿತಿಯಿದೆ. ಪ್ರವಾದಿವರ್ಯರ ಗುಣ, ಸಂದೇಶ ಎಲ್ಲವನ್ನೂ ಹತ್ತಿರದಿಂದ ಸರಿಯಾಗಿ ತಿಳಿದೂ ಮುಖ ತಿರುಗಿಸಿದವರು ಎರಡನೆಯವರು. ಅವರಿಗೆ ವಿನಾಯಿತಿಯಿಲ್ಲ. ಇವೆರಡರ ನಡುವೆ ಮೂರನೆಯವರಿದ್ದಾರೆ: ಹೆಸರು ಕೇಳಿದ್ದಾರೆ, ಆದರೆ ತಿರುಚಿದ ವಿವರಗಳೊಡನೆ, ಬಾಲ್ಯದಿಂದಲೂ ಕೆಟ್ಟದ್ದನ್ನೇ ಕೇಳಿದ್ದಾರೆ. ಇವರೂ ಮೊದಲಿನವರಂತೆಯೇ ಎನ್ನುತ್ತಾರೆ ಗಝಾಲೀ. ಹುಡುಕುವ ಮನಸ್ಸು ಹುಟ್ಟುವಂತಹ ಏನೂ ಅವರ ಕಿವಿಗೆ ಬಿದ್ದಿಲ್ಲವಲ್ಲ! ತಮ್ಮ ಕಾಲದ ರೂಮಿನ (ಬೈಝಾಂಟೀನ್ ಸಾಮ್ರಾಜ್ಯದ) ಕ್ರೈಸ್ತರಲ್ಲಿ ಮತ್ತು ತುರ್ಕರಲ್ಲಿ ಹೆಚ್ಚಿನವರನ್ನು ದೇವರ ಕರುಣೆ ಒಳಗೊಳ್ಳುತ್ತದೆಂಬ ಭರವಸೆಯನ್ನೇ ಅವರು ಬರೆದಿದ್ದಾರೆ. ಅದು ಕ್ರುಸೇಡು ಯುದ್ಧಗಳು ಶುರುವಾದ ಕಾಲ ಎಂಬುದನ್ನು ನೆನಪಿಡಿ.

ಮೇಷ್ಟ್ರೇ, ಈಗ ನಿಮ್ಮನ್ನೇ ಒಂದು ಮಾತು ಕೇಳುತ್ತೇನೆ, ಬೇಸರಿಸಬೇಡಿ. ದೊಡ್ಡವ್ವನವರಿಗೆ ಇಸ್ಲಾಂ ಎಂದರೆ ಏನೆಂದು ಹೇಳಿದವರು ಯಾರು? ಟಿವಿ ಹೇಳಿರಬಹುದು, ಓಣಿ ಹೇಳಿರಬಹುದು. ಗೋಡೆಯಾಚೆ ಇದ್ದ ನೀವು ಹೇಳಿದ್ದಿರಾ? ಗಝಾಲೀ ಹೇಳುವ ಲೆಕ್ಕದಲ್ಲಿ ಮೊದಲು ವಿಚಾರಣೆಗೆ ನಿಲ್ಲಬೇಕಾದವರು ತಲುಪಿಸದೆ ಹೋದ ನಾವು ಎಂದು ನನಗೆ ಬಹಳ ಸಲ ಅನ್ನಿಸಿದೆ.

ಮಲೆನಾಡಿನ ಶಿಕ್ಷಕಿ

ನಾನು ಮುಸ್ಲಿಮಳಲ್ಲ. ಇಲ್ಲಿ ಬರೆಯಬಹುದೋ ಇಲ್ಲವೋ ಎಂದು ಎರಡು ದಿನ ಯೋಚಿಸಿದೆ. ಇಷ್ಟು ಹೊತ್ತಿನ ಚರ್ಚೆಯಲ್ಲಿ ಆ ಹಿರಿಯ ತಾಯಿ ಕಟಕಟೆಯಲ್ಲಿ ನಿಂತ ಆರೋಪಿಯಂತೆ ಕಾಣುತ್ತಿದ್ದಾರೆ. ಕೇಳಿದ್ದರೋ ಇಲ್ಲವೋ, ಸರಿಯಾಗಿ ಕೇಳಿದ್ದರೋ ತಪ್ಪಾಗಿ ಕೇಳಿದ್ದರೋ, ವಿನಾಯಿತಿ ಇದೆಯೋ ಇಲ್ಲವೋ. ಅವರಿಗೆ ಅವರದೇ ದಾರಿ ಇತ್ತು. ಆ ದಾರಿಯಲ್ಲಿ ಅವರು ತಪ್ಪಿ ನಡೆಯಲಿಲ್ಲ. ಅವರು ಯಾರ ಕ್ಷಮೆಯನ್ನೂ ಕೇಳುತ್ತಿರಲಿಲ್ಲ.

ಇನ್ನೊಂದು ಮಾತು. ‘ಪರೀಕ್ಷಿಸಲೆಂದು’ ಎಂಬ ಪದ ನನ್ನನ್ನು ಚುಚ್ಚಿತು. ನಿಮ್ಮ ದೇವರು ನಿಮ್ಮನ್ನು ಪರೀಕ್ಷಿಸಲೆಂದು ನಮ್ಮಂಥವರನ್ನು ಸುತ್ತಲೂ ಇಟ್ಟಿದ್ದಾನೆಯೇ? ನಾವು ನಿಮ್ಮ ಪ್ರಶ್ನೆಪತ್ರಿಕೆಯೇ?

ಸಿಟ್ಟಿನಿಂದ ಬರೆಯುತ್ತಿಲ್ಲ. ಸೌಟಿನ ಹಿಡಿಯ ಪ್ರಸಂಗ ಓದಿ ಕಣ್ಣು ತುಂಬಿದ್ದರಿಂದಲೇ ಕೇಳುತ್ತಿದ್ದೇನೆ.

ವರದಾ ತೀರದ ಮೇಷ್ಟ್ರು

ತಂಗೀ, ನೀವು ಬರೆದದ್ದು ಒಳ್ಳೆಯದಾಯಿತು. ಕಟಕಟೆಯ ಮಾತು ನಿಜ. ಅವಳನ್ನು ಅಲ್ಲಿ ನಿಲ್ಲಿಸಿದವನು ನಾನೇ, ನನ್ನ ಪ್ರಶ್ನೆಯಿಂದ. ಅದಕ್ಕೆ ನೊಂದಿದ್ದೇನೆ.

ಆದರೆ ಪ್ರಶ್ನೆಪತ್ರಿಕೆಯ ಮಾತಿಗೆ ಉತ್ತರ ಆಯತಿನಲ್ಲೇ ಇದೆ ಎಂದು ನನಗೆ ಕಾಣುತ್ತದೆ. ಅದರ ಸರ್ವನಾಮಗಳನ್ನು ನೋಡಿ. ಸ್ವಲ್ಪ ಹಿಂದೆ 44ರಲ್ಲಿ ಯಹೂದಿಗಳಿಗೆ ತೌರಾತ್ (ತೋರಾ) ಕೊಟ್ಟ ವಿಷಯ, 46ರಲ್ಲಿ ಈಸಾ (ಯೇಸು) ಅವರಿಗೆ ಇಂಜೀಲ್ (ಸುವಾರ್ತೆ) ಕೊಟ್ಟ ವಿಷಯ, 48ರಲ್ಲಿ ಕುರ್‌ಆನ್ ಇಳಿದ ವಿಷಯ. ಮೂವರನ್ನೂ ಹೇಳಿದ ಮೇಲೆ ‘ನಿಮ್ಮಲ್ಲಿ ಪ್ರತಿಯೊಬ್ಬರಿಗೂ’ ಎನ್ನುತ್ತದೆ. ‘ಅವರಿಂದ ನಿಮ್ಮನ್ನು ಪರೀಕ್ಷಿಸಲು’ ಎಂದಿಲ್ಲ, ‘ನಿಮಗೆ ಕೊಟ್ಟಿರುವುದರಲ್ಲಿ ನಿಮ್ಮನ್ನು’ ಎಂದಿದೆ. ಯಹೂದಿಗೆ ಕೊಟ್ಟದ್ದರಲ್ಲಿ ಯಹೂದಿಗೆ ಪರೀಕ್ಷೆ, ನನಗೆ ಕೊಟ್ಟದ್ದರಲ್ಲಿ ನನಗೆ. ನೀವು ಪ್ರಶ್ನೆಪತ್ರಿಕೆಯಲ್ಲ, ನಮ್ಮ ಜೊತೆಗೆ ಅದೇ ಕೊಠಡಿಯಲ್ಲಿ ಬರೆಯಲು ಕುಳಿತವರು. ಪಕ್ಕದವರ ಉತ್ತರಪತ್ರಿಕೆ ತಿದ್ದಲು ಅಲ್ಲಿ ಯಾರಿಗೂ ಅಪ್ಪಣೆಯಿಲ್ಲ. ಮೂವತ್ತೊಂದು ವರ್ಷ ಕೊಠಡಿ ಮೇಲ್ವಿಚಾರಣೆ ಮಾಡಿದವನಿಗೆ ಇದು ಬೇಗ ಅರ್ಥವಾಗುತ್ತದೆ!

‘ಪೈಪೋಟಿ’ ಎಂದೆನಲ್ಲ, ಮೂಲದಲ್ಲಿ ಅದು ಓಟದ ಪದ, ಒಬ್ಬರನ್ನೊಬ್ಬರು ಹಿಂದೆ ಹಾಕುವ ಪದ. ನಮ್ಮ ರಂಜಾನ್ ನಮಗೆ. ಆದರೆ ಆ ತಿಂಗಳಲ್ಲಿ ನನಗಿಂತ ಮೊದಲು ಎದ್ದವಳು ದೊಡ್ಡವ್ವ. ಆ ಓಟದಲ್ಲಿ ನಾನು ಒಂದು ದಿನವೂ ಗೆದ್ದವನಲ್ಲ.

ಕಲಬುರಗಿಯವರೇ, ನಿಮ್ಮ ಪ್ರಶ್ನೆಗೆ ಉತ್ತರ: ಇಲ್ಲ, ಹೇಳಿಲ್ಲ. ನಲವತ್ತು ವರ್ಷ ಗೋಡೆ ಹಂಚಿಕೊಂಡೂ ಒಂದು ಸಲವೂ ಕುಳಿತು ಮಾತನಾಡಲಿಲ್ಲ. ಹಬ್ಬದ ಶಾವಿಗೆ ಪಾಯಸ ಕೊಟ್ಟೆವು, ಅವರ ಹೋಳಿಗೆ ತಂದುಕೊಂಡೆವು. ದೇವರ ಮಾತೆತ್ತಿದರೆ ಎಲ್ಲಿ ಬಿರುಕು ಬೀಳುತ್ತದೋ ಎಂಬ ಭಯ ಇಬ್ಬರಿಗೂ ಇತ್ತೆಂದು ತೋರುತ್ತದೆ.

ಮಸ್ಕತ್‌ನಲ್ಲಿರುವ ದಾದಿ

ಸರ್, ನಾನು ಊರಿನಿಂದ ಬಂದು ಇಲ್ಲಿ ಹನ್ನೆರಡು ವರ್ಷವಾಯಿತು. ಪಾಂಡಿತ್ಯದ ಮಾತು ನನಗೆ ಬಾರದು. ವಾರ್ಡಿನಲ್ಲಿ ಎಲ್ಲ ದೇಶದವರೂ ಎಲ್ಲ ಧರ್ಮದವರೂ ಸಾಯುತ್ತಾರೆ. ದೇಹವನ್ನು ಒಯ್ಯುವಾಗ ಕೆಲಸ ನಿಲ್ಲಿಸಿ ಎದ್ದು ನಿಲ್ಲುತ್ತೇನೆ. ಅದನ್ನು ಕಲಿತದ್ದು ಚಿಕ್ಕಂದಿನಲ್ಲಿ ಮದರಸದಲ್ಲಿ ಕೇಳಿದ ಒಂದು ಹದೀಸಿನಿಂದ. ಒಂದು ಶವಯಾತ್ರೆ ಸಾಗುವಾಗ ಪ್ರವಾದಿವರ್ಯರು (ಸ) ಎದ್ದು ನಿಂತರು. ಅದು ಯಹೂದಿಯ ಶವವೆಂದು ಯಾರೋ ಹೇಳಿದರು. “ಅದೂ ಒಂದು ಜೀವವಲ್ಲವೇ?” ಎಂದರು. ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಎಷ್ಟೋ ವರ್ಷಗಳ ನಂತರ ಇರಾಕಿನ ಖಾದಿಸಿಯ್ಯಾದಲ್ಲಿ, ಅಲ್ಲಿಯ ಮುಸ್ಲಿಮೇತರನೊಬ್ಬನ ಶವಕ್ಕೆ ಇಬ್ಬರು ಸಹಾಬಿಗಳು (ಪ್ರವಾದಿಯವರ ಸಂಗಾತಿಗಳು) ಎದ್ದು ನಿಂತಾಗ ಕೇಳಿದವರಿಗೆ ಈ ಘಟನೆಯನ್ನು ಹೇಳಿದರಂತೆ. ನೀವು ಮೂರು ಹಿಡಿ ಮಣ್ಣು ಹಾಕಿದ್ದನ್ನು ಓದಿದಾಗ ಅದೇ ನೆನಪಾಯಿತು.

ಬೆಳಗಾವಿಯ ಗ್ರಂಥಪ್ರೇಮಿ

ಮೇಷ್ಟ್ರು ಉಲ್ಲೇಖಿಸಿದ ಆಯತಿನಲ್ಲಿ ಯಹೂದಿ, ಕ್ರೈಸ್ತರ ಮಾತಿದೆ. ನಮ್ಮ ನೆಲದ ಧರ್ಮಗಳು ಅದರಲ್ಲಿ ಸೇರುತ್ತವೆಯೇ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆ ಹೊಸದಲ್ಲ. ಮುಹಮ್ಮದ್ ಬಿನ್ ಕಾಸಿಮ್ 8ನೆಯ ಶತಮಾನದ ಆರಂಭದಲ್ಲಿ ಸಿಂಧಿಗೆ ಬಂದಾಗಲೇ ಎದ್ದದ್ದು. ಅಲ್ಲಿಯ ದೇವಾಲಯವನ್ನು ಕ್ರೈಸ್ತರ, ಯಹೂದಿಗಳ ಆರಾಧನಾಲಯಗಳಂತೆ ಮತ್ತು ಪಾರ್ಸಿಗಳ ಅಗ್ನಿಗೃಹಗಳಂತೆಯೇ ಪರಿಗಣಿಸಬೇಕೆಂದು ಅವನು ಹೇಳಿದ್ದನ್ನು 9ನೆಯ ಶತಮಾನದ ಇತಿಹಾಸಕಾರ ಬಲಾಝುರೀ ದಾಖಲಿಸಿದ್ದಾನೆ. ಅದರ ಹಿಂದೆ ತೆರಿಗೆಯ ಲೆಕ್ಕವೂ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ.

ಇದಕ್ಕೆ ಧರ್ಮಶಾಸ್ತ್ರದ ಬಲ ಸಿಗುವುದು ಫಾತಿರ್ ಸೂರಾದ 24ನೆಯ ಆಯತಿನಲ್ಲಿ. ಎಚ್ಚರಿಸುವವನೊಬ್ಬ ಬಾರದೆ ಹೋದ ಯಾವ ಸಮುದಾಯವೂ ಇಲ್ಲ. ಗಾಫಿರ್ ಸೂರಾದ 78ರಲ್ಲಿ, ಕೆಲವು ಪ್ರವಾದಿಗಳ ವಿಷಯ ಹೇಳಿದ್ದೇವೆ, ಕೆಲವರದು ಹೇಳಿಲ್ಲ ಎಂದಿದೆ. ದಿಲ್ಲಿಯ ನಖ್ಶಬಂದೀ ಸೂಫಿ ಗುರು ಮಿರ್ಝಾ ಮಝ್‌ಹರ್ ಜಾನೆ ಜಾನಾನ್ (ನಿಧನ 1781) ಒಂದು ಪತ್ರದಲ್ಲಿ ವೇದಗಳಿಗೆ ದೈವಿಕ ಮೂಲವಿದೆಯೆಂದು ಬರೆದರು. ಕೊನೆಯ ಪ್ರವಾದಿಯ ಬರವಿನ ನಂತರ ಹಿಂದಿನ ಶರೀಅತ್‌ಗಳು ರದ್ದಾದವು ಎಂಬ ತಮ್ಮ ನಂಬಿಕೆಯನ್ನೂ ಅವರು ಬಿಟ್ಟುಕೊಡಲಿಲ್ಲ. ಎರಡನ್ನೂ ಹೇಳಬೇಕು, ಅರ್ಧ ಮಾತ್ರ ಹೇಳುವುದು ನ್ಯಾಯವಲ್ಲ.

ನನ್ನ ಮಟ್ಟಿಗೆ ಮಾಇದ 48ನ್ನು ಅತ್ಯಂತ ಆಳವಾಗಿ ಮನಸ್ಸಿಗೆ ತಂದುಕೊಂಡವರು ಮೌಲಾನಾ ಅಬುಲ್ ಕಲಾಂ ಆಝಾದ್ (1888–1958). ರಾಂಚಿಯಲ್ಲಿ ಬ್ರಿಟಿಷರ ನಿರ್ಬಂಧದಲ್ಲಿದ್ದಾಗ ಕುರ್‌ಆನಿನ ಉರ್ದು ಅನುವಾದ, ವ್ಯಾಖ್ಯಾನಗಳಲ್ಲಿ ತೊಡಗಿದ್ದರು. ಪೊಲೀಸರ ಶೋಧದಲ್ಲಿ ಬರೆದ ಹಾಳೆಗಳು ಹಾಳಾದವು. ಮತ್ತೆ ಮೊದಲಿನಿಂದ ಬರೆದರು. ‘ತರ್ಜುಮಾನುಲ್ ಕುರ್‌ಆನ್’ ಮೊದಲ ಸಂಪುಟ ಹೊರಬಂದದ್ದು 1931ರಲ್ಲಿ. ಅದರಲ್ಲಿನ ಫಾತಿಹಾ (ಕುರ್‌ಆನಿನ ಮೊದಲ ಅಧ್ಯಾಯ) ವ್ಯಾಖ್ಯಾನದಲ್ಲಿ ಅವರು ಹೇಳುವುದಿಷ್ಟು: ದೀನ್ (ಧರ್ಮ) ಒಂದೇ. ಒಬ್ಬನೇ ದೇವರಿಗೆ ಶರಣಾಗಿ ಸತ್ಕರ್ಮ ಮಾಡುವುದೇ ಅದು. ಬೇರೆಯಾಗುವುದು ಶರಅ್, ಮಿನ್‌ಹಾಜ್, ಅಂದರೆ ಕಟ್ಟಳೆ, ವಿಧಾನ. ಜನ ಕಟ್ಟಳೆಯನ್ನೇ ದೀನ್ ಎಂದು ತಿಳಿದು ಗುಂಪು ಕಟ್ಟಿಕೊಂಡರು. ಆ ಕಾಲದಲ್ಲೇ ಇದಕ್ಕೆ ಆಕ್ಷೇಪ ಬಂತು: ಹಾಗಾದರೆ ಪ್ರವಾದಿವರ್ಯರನ್ನು (ಸ) ನಂಬುವ ಅಗತ್ಯವೇನು? ಗಟ್ಟಿಯಾದ ಆಕ್ಷೇಪವೇ. ಆದರೂ ಆಝಾದರು ಆ ಪುಟಗಳನ್ನು ಬರೆದ ರೀತಿಯಲ್ಲಿ, ಈ ದೇಶದ ಕೋಟ್ಯಂತರ ನೆರೆಮನೆಗಳನ್ನು ಕಣ್ಣೆದುರು ಇಟ್ಟುಕೊಂಡು ಕುರ್‌ಆನ್ ಓದಿದವರ ತಳಮಳವಿದೆ.

ಕಡಲಂಚಿನ ದರ್ಸ್ ವಿದ್ಯಾರ್ಥಿ

ಆಝಾದ್ ಸಾಹೇಬರ ಬಗ್ಗೆ ನಮ್ಮ ಉಸ್ತಾದರಿಗೆ ಅಪಾರ ಗೌರವ, ಈ ವಿಷಯದಲ್ಲಿ ಮಾತ್ರ ಅಸಮ್ಮತಿ. ಆಲಿ ಇಮ್ರಾನ್ 85ನ್ನು ಬಿಟ್ಟು ಈ ಚರ್ಚೆ ಪೂರ್ತಿಯಾಗದು: ಇಸ್ಲಾಮಿನ ಹೊರತು ಬೇರೆ ಧರ್ಮವನ್ನು ಅರಸುವವನಿಂದ ಅದು ಸ್ವೀಕೃತವಾಗದು. ಅತ್ತ ಬಕರಾ 62, ವಿಶ್ವಾಸಿಗಳು, ಯಹೂದಿಗಳು, ಕ್ರೈಸ್ತರು, ಸಾಬಿಗಳು (ಹಳೆಯ ಒಂದು ಧರ್ಮದವರು) ಇವರಲ್ಲಿ ಅಲ್ಲಾಹನನ್ನೂ ಅಂತಿಮ ದಿನವನ್ನೂ ನಂಬಿ ಸತ್ಕರ್ಮ ಮಾಡಿದವರಿಗೆ ಭಯವಿಲ್ಲ ಎನ್ನುತ್ತದೆ. ಎರಡನ್ನೂ ಹೇಗೆ ಹೊಂದಿಸುವುದು? ಮೊದಲಿನದು ಎರಡನೆಯದನ್ನು ರದ್ದುಮಾಡಿತೆಂದು ಕೆಲವರು. ಆಜ್ಞೆ ರದ್ದಾಗಬಹುದು, ವಾಗ್ದಾನ ರದ್ದಾಗದು ಎಂದು ಇನ್ನು ಕೆಲವರು. ಆಯಾ ಪ್ರವಾದಿಗಳ ಕಾಲದಲ್ಲಿ ಅವರನ್ನು ನಂಬಿದವರಿಗೆ ಮಾತ್ರ ಅದು ಅನ್ವಯ ಎಂಬುದು ಹೆಚ್ಚು ಪ್ರಚಲಿತ ವಿವರಣೆ.

ಆದರೆ ‘ಇಸ್ಲಾಂ’ ಎಂಬ ಪದದ ಮೇಲೂ ಸ್ವಲ್ಪ ನಿಲ್ಲಬೇಕು. ಅದೇ ಸೂರಾದ 67ರಲ್ಲಿ ಇಬ್ರಾಹೀಮರನ್ನು ‘ಮುಸ್ಲಿಂ’ ಎನ್ನಲಾಗಿದೆ. 52ರಲ್ಲಿ ಈಸಾ ಅವರ ಶಿಷ್ಯರು ತಾವು ‘ಮುಸ್ಲಿಮರು’ ಎನ್ನುತ್ತಾರೆ. ಅಲ್ಲೆಲ್ಲ ಅದರ ಅರ್ಥ ಶರಣಾದವರು ಎಂದು. ಅರಬಿ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ, ಕನ್ನಡದಲ್ಲೂ ಇಲ್ಲ. ಹೀಗಾಗಿ ಅದು ಧರ್ಮದ ಹೆಸರೋ, ಬರಿಯ ಶರಣಾಗತಿಯೋ ಎಂದು ಬರಹದಿಂದ ತಿಳಿಯದು.

ಇನ್ನೊಂದು ಘಟನೆ. ಇಸ್ಲಾಮಿಗೆ ಮುಂಚೆ ಮದೀನಾದಲ್ಲಿ, ಮಕ್ಕಳು ಉಳಿಯದ ತಾಯಂದಿರು ‘ಈ ಮಗು ಬದುಕಿದರೆ ಯಹೂದಿಯಾಗಿ ಬೆಳೆಸುತ್ತೇನೆ’ ಎಂದು ಹರಕೆ ಹೊರುತ್ತಿದ್ದರಂತೆ. ಮುಂದೆ 625ರಲ್ಲಿ ಬನೂ ನಝೀರ್ ಎಂಬ ಯಹೂದಿ ಕುಲ ಊರು ಬಿಡಬೇಕಾಗಿ ಬಂದಾಗ ಅಂಥ ಹರಕೆಯ ಮಕ್ಕಳೂ ಅವರೊಡನಿದ್ದರು. ಅಷ್ಟರಲ್ಲಿ ಮುಸ್ಲಿಮರಾಗಿದ್ದ ಹೆತ್ತವರು, ನಮ್ಮ ಮಕ್ಕಳನ್ನು ಬಿಡೆವು ಎಂದರು. ಆಗ ಇಳಿದದ್ದು “ಧರ್ಮದಲ್ಲಿ ಬಲವಂತವಿಲ್ಲ” ಎಂಬ ಬಕರಾ 256 ಎಂದು ಸಹಾಬಿ ಇಬ್ನ್ ಅಬ್ಬಾಸರಿಂದ ಬಂದ ವರದಿ ಅಬೂ ದಾವೂದ್ ಹದೀಸ್ ಸಂಗ್ರಹದಲ್ಲಿದೆ. ನಾವು ಈ ಆಯತನ್ನು ವೇದಿಕೆಗಳಲ್ಲಿ ಘೋಷಣೆಯಂತೆ ಹೇಳುತ್ತೇವೆ. ಅದು ಇಳಿದದ್ದು ಕರುಳು ಕಿತ್ತುಬರುತ್ತಿದ್ದ ಕೆಲವು ಮನೆಗಳ ನಡುವೆ.

ಕೊನೆಯದಾಗಿ, ನನಗೆ ಇಡೀ ಕುರ್‌ಆನಿನಲ್ಲೇ ಅತ್ಯಂತ ಕಠಿಣವೆನಿಸಿದ ಜಾಗ. ಹೂದ್ 118, 119: “ನಿನ್ನ ಪ್ರಭು ಇಚ್ಛಿಸಿದ್ದರೆ ಮನುಷ್ಯರನ್ನು ಒಂದೇ ಸಮುದಾಯವಾಗಿ ಮಾಡುತ್ತಿದ್ದನು. ಅವರು ಭಿನ್ನರಾಗಿಯೇ ಉಳಿಯುವರು, ನಿನ್ನ ಪ್ರಭು ಕರುಣೆ ತೋರಿದವರ ಹೊರತು. ಅದಕ್ಕಾಗಿಯೇ ಅವನು ಅವರನ್ನು ಸೃಷ್ಟಿಸಿದನು.” ಮೇಷ್ಟ್ರೇ, ನೀವು ವ್ಯಾಕರಣ ಕಲಿಸಿದವರು. ‘ಅದಕ್ಕಾಗಿ’ ಎಂದರೆ ಯಾವುದಕ್ಕಾಗಿ?

ವರದಾ ತೀರದ ಮೇಷ್ಟ್ರು

ಅಬ್ಬಾ, ಎಂಥ ಪ್ರಶ್ನೆ! ರಾತ್ರಿ ನಿದ್ದೆ ಬರಲಿಲ್ಲ. ಹಿಂದೆ ‘ಭಿನ್ನರಾಗುವುದು’ ಇದೆ, ‘ಕರುಣೆ’ಯೂ ಇದೆ. ಕನ್ನಡದ ‘ಅದು’ ಎರಡಕ್ಕೂ ಸಲ್ಲುತ್ತದೆ, ಎರಡೂ ನಪುಂಸಕ. ಭಿನ್ನರಾಗಲೆಂದೇ ಸೃಷ್ಟಿಸಿದನೋ, ಕರುಣೆ ತೋರಲೆಂದೇ ಸೃಷ್ಟಿಸಿದನೋ? ಅರಬಿಯಲ್ಲಿ ಲಿಂಗಭೇದದಿಂದ ತಿಳಿಯುವುದಿಲ್ಲವೇ?

ಕಡಲಂಚಿನ ದರ್ಸ್ ವಿದ್ಯಾರ್ಥಿ

ಅಲ್ಲೇ ಸೊಗಸಿರುವುದು ಸರ್. ‘ಅದಕ್ಕಾಗಿ’ ಎಂಬಲ್ಲಿ ಮೂಲದಲ್ಲಿರುವ ‘ಝಾಲಿಕ’ ಪುಲ್ಲಿಂಗದ ಸರ್ವನಾಮ. ಕರುಣೆಗೆ ಇರುವ ‘ರಹ್ಮತ್’ ಸ್ತ್ರೀಲಿಂಗ. ಆದ್ದರಿಂದ ಭಿನ್ನತೆಗಾಗಿಯೇ ಎಂದು ಆರಂಭಕಾಲದ ಪಂಡಿತ ಹಸನ್ ಬಸ್ರೀ ಅವರ ಹೆಸರಿನಲ್ಲಿ ಬಂದ ಅಭಿಪ್ರಾಯಕ್ಕೆ ವ್ಯಾಕರಣ ಒಲಿದಂತೆ ಕಾಣುತ್ತದೆ. ಆದರೆ ಕರುಣೆಗಾಗಿಯೇ ಎಂದು ಇಬ್ನ್ ಅಬ್ಬಾಸರ ಹೆಸರಿನಲ್ಲಿ ಬಂದ ಅಭಿಪ್ರಾಯವೂ ಇದೆ. ಆ ಕಡೆಯವರು ಅಅ್‌ರಾಫ್ 56ನ್ನು ತೋರಿಸುತ್ತಾರೆ: “ಅಲ್ಲಾಹನ ರಹ್ಮತ್ ಒಳಿತು ಮಾಡುವವರಿಗೆ ಹತ್ತಿರವಿದೆ.” ಅಲ್ಲಿ ‘ಹತ್ತಿರ’ ಎಂಬ ಪದ ಪುಲ್ಲಿಂಗದಲ್ಲೇ ಇದೆ! ರಹ್ಮತಿನ ಸ್ತ್ರೀಲಿಂಗ ಬರಿಯ ಪದದ್ದು, ಪುಲ್ಲಿಂಗದಿಂದ ಸೂಚಿಸಬಹುದು ಎಂದು ಅವರ ವಾದ. ಇಬ್ಬರ ಮಾತನ್ನೂ ವ್ಯಾಖ್ಯಾನಕಾರರು ಒಂದರ ಪಕ್ಕ ಒಂದನ್ನು ಇಟ್ಟು ಮುಂದೆ ಸಾಗಿದ್ದಾರೆ. ಆಯತಿನ ಕೊನೆಯಲ್ಲಿ ನರಕದ ಕಠೋರ ಮಾತೂ ಇದೆ, ಅದನ್ನು ಬಿಟ್ಟು ಓದಬೇಡಿ.

ಹಾಗಾದರೆ ನಿಮ್ಮ ಪ್ರಶ್ನೆ. ಇದನ್ನು ಉಸ್ತಾದರ ಬಳಿ ಒಯ್ದೆ. ನಿಮ್ಮ ಹೆಸರು, ಊರು ಹೇಳದೆ ಗೋಡೆ ಕುಟ್ಟುವ ಸಂಗತಿಯನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಮಗ್‌ಫಿರತ್ ಬೇಡುವ ವಿಷಯದಲ್ಲಿ ಅವರ ನಿಲುವು ಬದಲಾಗಲಿಲ್ಲ. ಆಮೇಲೆ, “ನಿಮ್ಮ ಮೇಷ್ಟ್ರು ಮಾಇದ 48ರಲ್ಲಿ ನಿಂತಿದ್ದಾರೆ, ಅದೇ ಸೂರಾದ 118ರವರೆಗೆ ಓದಲು ಹೇಳು” ಎಂದರು.

ಅದು ಈಸಾ (ಅ) ಅಂತಿಮ ದಿನ ಆಡುವ ಮಾತು. ತಮ್ಮನ್ನೂ ತಮ್ಮ ತಾಯಿಯನ್ನೂ ಆರಾಧಿಸಿದ ಜನರ ಬಗ್ಗೆ ದೇವರು ಕೇಳಿದಾಗ, ಹಾಗೆ ನಾನು ಹೇಳಿಲ್ಲ ಎನ್ನುತ್ತಾರೆ, ನಂತರ: “ನೀನು ಅವರನ್ನು ಶಿಕ್ಷಿಸಿದರೆ ಅವರು ನಿನ್ನ ದಾಸರೇ. ನೀನು ಅವರನ್ನು ಕ್ಷಮಿಸಿದರೆ ನೀನೇ ಪ್ರಬಲನು, ವಿವೇಕಿಯು.” ಪ್ರವಾದಿವರ್ಯರು (ಸ) ಒಂದು ರಾತ್ರಿಯಿಡೀ ನಮಾಜಿನಲ್ಲಿ ಇದೊಂದೇ ಆಯತನ್ನು ಬೆಳಗಾಗುವವರೆಗೆ ಓದುತ್ತ ನಿಂತಿದ್ದರೆಂದು ಸಹಾಬಿ ಅಬೂ ಝರ್ ಹೇಳಿದ್ದು ನಸಾಈ ಮತ್ತು ಇಬ್ನ್ ಮಾಜಾ ಹದೀಸ್ ಸಂಗ್ರಹಗಳಲ್ಲಿದೆ. “ಇದು ಕ್ಷಮೆ ಕೇಳುವುದಲ್ಲ, ಒಪ್ಪಿಸುವುದು. ಒಪ್ಪಿಸುವುದಕ್ಕೆ ಯಾರ ತಡೆಯೂ ಇಲ್ಲ” ಎಂದರು ಉಸ್ತಾದ್.

ಮಲೆನಾಡಿನ ಶಿಕ್ಷಕಿ

‘ಅವರು ನಿನ್ನ ದಾಸರೇ’. ನಮ್ಮ ದಾಸರ ಪದಗಳನ್ನು ಕೇಳಿ ಬೆಳೆದವಳಿಗೆ ಈ ಮಾತು ಹೊರಗಿನದೆನಿಸಲಿಲ್ಲ. ನನ್ನ ಆಕ್ಷೇಪ ಪೂರ್ತಿ ಹೋಗಿಲ್ಲ, ಆ ತಾಯಿಗೆ ಯಾರ ಶಿಫಾರಸೂ ಬೇಕಿಲ್ಲವೆಂದು ಈಗಲೂ ನಂಬುತ್ತೇನೆ. ಆದರೆ ಶಿಫಾರಸು ಮಾಡುವುದಕ್ಕೂ ಒಪ್ಪಿಸುವುದಕ್ಕೂ ನಡುವೆ ಇರುವ ಅಂತರ ಇವತ್ತು ತಿಳಿಯಿತು. ಉಸ್ತಾದರಿಗೆ ನನ್ನ ನಮಸ್ಕಾರ ತಿಳಿಸಿ.

ವರದಾ ತೀರದ ಮೇಷ್ಟ್ರು

ನಿನ್ನೆ ಸಂಜೆ ಸಮಾಧಿಯ ಕಡೆ ಹೋಗಿದ್ದೆ. ಆ ಹುಡುಗನನ್ನೂ ಕರೆದೊಯ್ದೆ. ಅವನೇ ಆಯತನ್ನು ಓದಿದ, ಅವನ ಉಚ್ಚಾರ ನನ್ನದಕ್ಕಿಂತ ಚೆನ್ನಾಗಿದೆ. ದೊಡ್ಡವ್ವನ ಸೊಸೆ ಬಂದಿದ್ದಳು, ಏನು ಓದಿದಿರಿ ಎಂದು ಕೇಳಿದಳು. ಅರ್ಥ ಹೇಳಿದೆವು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮಣ್ಣು ಮುಟ್ಟಿ ನಮಸ್ಕರಿಸಿದಳು.

ನನ್ನ ಮನೆಯಾಕೆಗೆ ಇನ್ನೊಂದು ಚಿಂತೆ. ಅವಳಿಗೆ ಅರಬಿಯಲ್ಲಿ ಇಷ್ಟು ಉದ್ದದ್ದು ಬಾಯಿಪಾಠ ಬಾರದು. ಕನ್ನಡದಲ್ಲಿ ಹೇಳಿಕೊಂಡರೆ ಆಗುತ್ತದೆಯೇ ಎಂದು ಕೇಳುತ್ತಿದ್ದಾಳೆ.

ಕಡಲಂಚಿನ ದರ್ಸ್ ವಿದ್ಯಾರ್ಥಿ

ನಮಾಜಿನ ಹೊರಗಿನ ದುಆ ಯಾವ ಭಾಷೆಯಲ್ಲಾದರೂ ಆಗುತ್ತದೆ ಸರ್. ಕನ್ನಡದಲ್ಲೇ ಹೇಳಲು ತಿಳಿಸಿ.